ಅಮ್ಮನಿಗೆ ಆರಾಮಿರಲಿಲ್ಲ

ಲ್ಯಾವೆಂಡರ್ ವಾಸನೆ ಬಂದರೆ ಜನ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. ನಾನು ಉಸಿರು ಬಿಗಿಹಿಡಿಯುತ್ತೇನೆ. ಕಳೆದ ವಾರ ನಮ್ಮ ಆಫೀಸಿನ ಮೇಲಿನವರಿಗೆ ಇದ್ದಕ್ಕಿದ್ದಂತೆ ನೌಕರರ ಮೇಲೆ ಕರುಣೆ ಹುಟ್ಟಿ, ಎಲ್ಲರ ಮನಸ್ಸು ಹಗುರವಾಗಲಿ ಎಂದು ಲಿಫ್ಟಿನ ಪಕ್ಕ ಒಂದು ಪುಟ್ಟ ಯಂತ್ರ ತಂದಿಟ್ಟರು. ಅದು ಇಡೀ ದಿನ ತೆಳ್ಳಗೆ ಲ್ಯಾವೆಂಡರ್ ಉಗುಳುತ್ತಿರುತ್ತದೆ. ಆ ಹೊತ್ತಿಗೆ ಅಡುಗೆ ಮೂಲೆಯಲ್ಲಿ ಯಾರೋ ಬಿಸಿ ಟೋಸ್ಟಿಗೆ ಕಡಲೆಕಾಯಿ ಬೆಣ್ಣೆ ಸವರುತ್ತಿದ್ದರು. ಎರಡು ವಾಸನೆಗಳೂ ಬೆರೆತು ಬಂದದ್ದೇ ತಡ, ಕಾಫಿ ಕಪ್ಪು ಹಿಡಿದು ನಿಂತಲ್ಲೇ ನಾನು ಸ್ಟ್ಯಾನ್ಮೋರಿನ ನಮ್ಮ ಹಳೆಯ ಅಡುಗೆಮನೆಗೆ ಹೋಗಿಬಿಟ್ಟೆ. ಹುರಿದ ಶೇಂಗಾದ ಮೇಲೆ ಲ್ಯಾವೆಂಡರ್ ಸುರಿದ ಹಾಗೆ ನಾರುತ್ತಿದ್ದ ಮನೆ ಲಂಡನ್ನಿನಲ್ಲಿ ಇನ್ನೊಂದು ಇದ್ದಿರಲಾರದು. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಮೂಗಿನಲ್ಲಿ ಉಳಿದಿರುವ, ಬಾಗಿಲು ತಟ್ಟಲು ಇನ್ನು ಹಕ್ಕಿಲ್ಲದ ಮನೆ. ನಮ್ಮದನ್ನು ಕೊಂಡವರು ಮುಂಬಾಗಿಲಿಗೆ ಬೂದು ಬಣ್ಣ ಹೊಡೆಸಿದ್ದಾರೆ.

ಶೇಂಗಾ ಅಮ್ಮನದು, ಲ್ಯಾವೆಂಡರ್ ಅಪ್ಪನದು. ಅಮ್ಮ ಧಾರವಾಡದವಳು, ಅಪ್ಪ ಮೈಸೂರಿನವರು. ಅಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಮೆಟ್ಟಿಲು ಹತ್ತಿ ನನ್ನ ರಜಾಯಿಯೊಳಗೆ ಬರುತ್ತಿತ್ತು. ಬಡಿಯುವಾಗ ಅವಳ ಬಾಯಿ ಬಿಗಿದಿರುತ್ತಿತ್ತು. ಕೊನೆಯ ರೊಟ್ಟಿ ಕಾವಲಿಗೆ ಬೀಳುವ ಹೊತ್ತಿಗೆ ಸಡಿಲಾಗಿ, ಏನೋ ಗುನುಗತೊಡಗಿರುತ್ತಿದ್ದಳು. ವಾರದ ದಿನಗಳಲ್ಲಿ ಕೆಲಸ ಮುಗಿಸಿ ಬಂದವಳು ಕೋಟನ್ನೂ ಕಳಚದೆ ಚಹಾ ಕುದಿಸಿ, ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಚಹಾವನ್ನು ಸಾಸರಿಗೆ ಸುರಿದು ಸುರ್ ಎಂದು ಹೀರುತ್ತಿದ್ದಳು. ಬೇಲಿಯಾಚೆ ನರಿ ಓಡಾಡಿದರೆ ಅದಕ್ಕೂ ಎರಡು ಮಾತು ಬೈಯುತ್ತಿದ್ದಳು. ಆಗ ನಾನು ಪಕ್ಕದಲ್ಲಿ ಕೂತರೆ ಜಾಗ ಕೊಡುತ್ತಿದ್ದಳೇ ಹೊರತು ಮಾತು ಕೊಡುತ್ತಿರಲಿಲ್ಲ. ಆ ಚಹಾ ಮುಗಿದ ಮೇಲೆ ಅವಳು ನಮ್ಮವಳಾಗುತ್ತಿದ್ದಳು. ಅಷ್ಟೇ ಅವಳ ಆರೈಕೆ, ಅವಳೇ ಮಾಡಿಕೊಂಡದ್ದು. ಅದಕ್ಕೊಂದು ಹೆಸರಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹೆಸರು ಗೊತ್ತಿದ್ದದ್ದು ಅಪ್ಪನಿಗೆ. ಅಪ್ಪ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು. ಅಮ್ಮ ಅದೇ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು, ಕೆಮ್ಮು ಬಂದವರಿಗೂ ಕಾಲು ಉಳುಕಿದವರಿಗೂ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುತ್ತಿದ್ದಳು. ಆದರೆ ಅಪ್ಪನ ನಿಜವಾದ ಕೀರ್ತಿ ಇದ್ದದ್ದು ಲಂಡನ್ನಿನ ಕನ್ನಡದವರ ಕೂಟಗಳಲ್ಲಿ. ಯುಗಾದಿಯಿರಲಿ, ದೀಪಾವಳಿಯಿರಲಿ, ಊಟಕ್ಕೆ ಮುಂಚೆ ಡಾಕ್ಟರ ಭಾಷಣ ಇರಲೇಬೇಕು. ಭಾಷಣದ ಹೆಸರು ‘ದಿನಕ್ಕೊಂದಿಷ್ಟು ಆರಾಮ’. ಎದ್ದ ಕೂಡಲೇ ಫೋನು ಮುಟ್ಟಬೇಡಿ, ಬೆಳಕಿರುವಾಗ ಸ್ವಲ್ಪ ನಡೆಯಿರಿ, ಕಣ್ಣು ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರೆಳೆದು ಇನ್ನೂ ನಿಧಾನವಾಗಿ ಬಿಡಿ, ಮಲಗುವ ಮುಂಚೆ ಬಿಸಿನೀರ ಸ್ನಾನ, ದಿಂಬಿಗೆ ಲ್ಯಾವೆಂಡರ್ ಹನಿ, ಬೇಡವಾದದ್ದಕ್ಕೆ ಬೇಡ ಅನ್ನುವುದನ್ನು ಕಲಿಯಿರಿ. ಇದರಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಇವುಗಳಲ್ಲಿ ಕೆಲವನ್ನು ನಾನೂ ಈಗ ಮಾಡುತ್ತೇನೆ, ಗುಣವೂ ಕಂಡಿದೆ. ಅಪ್ಪನಂತೂ ಒಂದನ್ನೂ ಬಿಡದೆ ಪಾಲಿಸಿ, ಇವತ್ತಿಗೂ ಬಿಪಿಯಿಲ್ಲದೆ, ಶುಗರ್ ಇಲ್ಲದೆ, ಗುಂಡುಕಲ್ಲಿನ ಹಾಗೆ ಇದ್ದಾರೆ.

ಭಾಷಣಕ್ಕೆ ಮೊದಲು ಸಭಿಕರನ್ನು ನಗಿಸಲು ಅವರು ಒಂದು ಕತೆ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ, ಇಬ್ಬರೂ ಇನ್ನೂ ಮೈಸೂರಿನಲ್ಲೇ ಇದ್ದಾಗ, ಧಾರವಾಡದಿಂದ ಮಾವ ಫೋನು ಮಾಡಿ “ಏನಳಿಯಂದಿರ, ಆರಾಮ ಇದ್ದೀರಿಲ್ಲೋ?” ಎಂದರಂತೆ. ಆಸ್ಪತ್ರೆಯ ದುಡಿತದಲ್ಲಿ ಹೈರಾಣಾಗಿದ್ದ ಅಪ್ಪ “ಎಲ್ಲಿ ಆರಾಮ ಮಾವ, ಮೂರು ತಿಂಗಳಿಂದ ಒಂದು ದಿನವೂ ಆರಾಮಿಲ್ಲ” ಎಂದರಂತೆ. ಮೈಸೂರಿನವರ ಆರಾಮ ಅಂದರೆ ಬಿಡುವು, ಹಾಯಾಗಿರುವುದು. ಧಾರವಾಡದಲ್ಲಿ ಆರಾಮಿಲ್ಲ ಅಂದರೆ ಮೈಗೆ ಹುಷಾರಿಲ್ಲ, ಕಾಯಿಲೆ. ಮರುದಿನ ಬೆಳಿಗ್ಗೆ ಅತ್ತೆ ಮಾವ ಇಬ್ಬರೂ ಮಠದ ಅಂಗಾರ, ಗ್ಲೂಕೋಸಿನ ಡಬ್ಬಿ, ಒಂದು ಚೀಲ ಮೋಸಂಬಿ ಹಿಡಿದು ರೈಲಿಳಿದು ಬಂದರೆ, ಮೂರು ತಿಂಗಳ ರೋಗಿ ಬಾಗಿಲಲ್ಲಿ ಮಸಾಲೆ ದೋಸೆ ತಿನ್ನುತ್ತ ನಿಂತಿದ್ದಾನೆ! ಸಭೆ ಬಿದ್ದು ಬಿದ್ದು ನಗುತ್ತಿತ್ತು. ಕೇಳಿದವರೇ ಮತ್ತೆ ಕೇಳಿ ನಗುತ್ತಿದ್ದರು. ಇಲ್ಫರ್ಡಿನಿಂದ ಕ್ರೋಯ್ಡನ್ನಿನವರೆಗೆ ಎರಡು ಆರಾಮಗಳ ಕತೆ ಗೊತ್ತಿಲ್ಲದ ಕನ್ನಡಿಗರಿರಲಿಲ್ಲ. ಹಾಗಾಗಿ ಮುಂದೆ ಅಮ್ಮ ಅದೇ ಮಾತು ಹೇಳಿದಾಗ ಅಪ್ಪನಿಗೆ ಅರ್ಥವಾಗಲಿಲ್ಲ ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

ನಾನಾಗ ಹನ್ನೊಂದು ತುಂಬಿ, ಸೆಕೆಂಡರಿ ಶಾಲೆಗೆ ಹೊಸದಾಗಿ ಸೇರಿದ್ದೆ. ಒಂದು ಸಂಜೆ ಊಟದ ಮೇಜಿನಲ್ಲಿ ಅಮ್ಮ ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಮಡಚಿಟ್ಟು, ನೀರು ಕುಡಿದು, ಮಾತು ತೆಗೆದಳು.

“ರೀ, ನನಗ ಆರಾಮ ಇಲ್ಲ. ಎರಡು ತುತ್ತು ಉಂಡ್ರ ಹೊಟ್ಟಿ ಬಿಗದು ಬರ್ತದ. ಕ್ಲಿನಿಕ್ಕಿನ್ಯಾಗ ಆ ಇಂಗ್ಲಿಷ್ ಡಾಕ್ಟರಮ್ಮಗ ಒಂದ್ಸಲ ತೋರಿಸ್ಲೇನು?”

ಅಪ್ಪ ಚಮಚ ಕೆಳಗಿಟ್ಟು ನಕ್ಕರು. ವೇದಿಕೆಯ ಮೇಲೆ ನಗುವ ನಗು.

“ಆರಾಮ ಇಲ್ವಾ? ಎಲ್ಲಿಂದ ಬರುತ್ತೆ ವತ್ಸಲಾ, ನೀನು ತಗೊಂಡ್ರೆ ತಾನೆ! ಊರಿಗೆಲ್ಲ ಆರಾಮ ಹೇಳೋನ ಹೆಂಡ್ತಿ ಸ್ಟ್ರೆಸ್ ಅಂತ ಪಕ್ಕದ ರೂಮಿಗೆ ಹೋಗಿ ಕೂತ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?”

“ಸ್ಟ್ರೆಸ್ ಅಲ್ಲರೀ. ಆರಾಮ ಇಲ್ಲ ಅಂದೆ.”

“ಅದನ್ನೇ ತಾನೆ ನಾನೂ ಹೇಳ್ತಿರೋದು?”

ಅಮ್ಮ ನನ್ನ ಕಡೆ ನೋಡಿದಳು. ನನಗೆ ಅವಳ ಮಾತು ಚೆನ್ನಾಗಿಯೇ ಅರ್ಥವಾಗಿತ್ತು. ಶಾಲೆಗೆ ಚಕ್ಕರ್ ಹೊಡೆಯಬೇಕೆಂದರೆ ನಾನು ಹೇಳುತ್ತಿದ್ದದ್ದೂ ಅದೇ ಎರಡು ಶಬ್ದ, ಅವಳಿಂದಲೇ ಕಲಿತದ್ದು. ಅಪ್ಪನ ಮುಖದಲ್ಲಿ ಮಾತ್ರ ಒಂದು ಒಳ್ಳೆಯ ಚಟಾಕಿ ಸಿಕ್ಕ ಸಂತೋಷವಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲ ಗಿಡಕ್ಕೇ ಮದ್ದು ಸಿಗಲಿಲ್ಲ.

ಮಾರನೆಯ ದಿನದಿಂದ ಅಮ್ಮನ ಆರಾಮ ಶುರುವಾಯಿತು. ಅಪ್ಪ ಅದನ್ನು ಪ್ರೀತಿಯಿಂದಲೇ ಮಾಡಿದರು, ಅದೇ ನನಗೆ ಇವತ್ತಿಗೂ ತಡೆಯಲಾಗದ ಸಿಟ್ಟು. ಚಹಾ ಉದ್ವೇಗ ಹೆಚ್ಚಿಸುತ್ತದೆ ಎಂದು ಡಬ್ಬಿಯನ್ನೇ ಕಪಾಟಿನ ಮೇಲಿನ ಅರೆಗೆ ಏರಿಸಿ, ಹುಲ್ಲು ಬೇಯಿಸಿದಂಥ ಯಾವುದೋ ಪೊಟ್ಟಣ ತಂದುಕೊಟ್ಟರು. ಅದನ್ನು ಸಾಸರಿಗೆ ಸುರಿದು ಹೀರುವ ಉಮೇದು ಯಾರಿಗಿರುತ್ತದೆ? ಹಿತ್ತಿಲ ಮೆಟ್ಟಿಲು ತಣ್ಣಗಿರುತ್ತದೆ ಎಂದು ಬೆತ್ತದ ಕುರ್ಚಿ ಬಂತು. ರೊಟ್ಟಿ ಬಡಿಯುವುದು ದಣಿವು ಎಂದು ಅಂಗಡಿಯ ಮೆತ್ತನೆ ಬ್ರೆಡ್ಡು ಬಂತು. ಸಂಜೆ ಕುಕ್ಕರ್ ಕೂಗುತ್ತಿದ್ದರೂ ಏಳುವಂತಿಲ್ಲ, ಅಪ್ಪ ಮೊಣಕಾಲ ಮೇಲೆ ಗಡಿಯಾರ ಇಟ್ಟುಕೊಂಡು “ಎಳ್ಕೋ... ಬಿಡು... ಎಳ್ಕೋ... ಬಿಡು” ಎನ್ನುತ್ತಿದ್ದರೆ ಅಮ್ಮ ಕಣ್ಣು ಮುಚ್ಚಿ ಕೂತಿರಬೇಕು. ಒಮ್ಮೆ ಅವಳು, ಬೇಡವಾದದ್ದಕ್ಕೆ ಬೇಡ ಅನ್ನಬೇಕೆಂಬ ಪಾಠವನ್ನು ನಂಬಿ, “ಇವತ್ತ ಬ್ಯಾಡರೀ, ನನಗ ಉಸಿರು ಹಿಡೀತದ” ಎಂದಳು. ಅಪ್ಪ ಚಪ್ಪಾಳೆ ತಟ್ಟಿ, “ನೋಡು, ಬೇಡ ಅನ್ನೋದು ಬಂತು! ಇನ್ನು ನನ್ನನ್ನ ಬಿಟ್ಟು ಬೇರೆಯವರ ಮೇಲೆ ಅಭ್ಯಾಸ ಮಾಡು” ಎಂದರು. ಮತ್ತೆ ಎಳೆದುಕೊಂಡಳು, ಬಿಟ್ಟಳು. ಅವಳ ತೋಳು ಕಡ್ಡಿಯಾಗುತ್ತಿತ್ತು, ಉಂಗುರ ಬೆರಳಿನಲ್ಲಿ ನಿಲ್ಲದೆ ನಾನು ಅದಕ್ಕೆ ದಾರ ಸುತ್ತಿಕೊಟ್ಟೆ. ಹೊಟ್ಟೆ ಮಾತ್ರ ಸೀರೆಯ ನೆರಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು. ಪ್ರತಿದಿನ ಹಾಸಿಗೆ ಹಾಸುವಾಗ ಅಪ್ಪ ತಾವೇ ಅವಳ ದಿಂಬಿಗೆ ಲ್ಯಾವೆಂಡರ್ ಹನಿಸುತ್ತಿದ್ದರು. ಅವಳು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಒಂದು ಹಿಡಿ ಶೇಂಗಾ ಹುರಿಯುತ್ತಿದ್ದಳು. ತಿನ್ನುತ್ತಿರಲಿಲ್ಲ, ಬಾಣಲೆಯ ಮೇಲೆ ಬಗ್ಗಿ ನಿಂತಿರುತ್ತಿದ್ದಳು.

ಆ ವರ್ಷದ ದೀಪಾವಳಿ ಕ್ರೋಯ್ಡನ್ನಿನ ಒಂದು ಶಾಲೆಯ ಹಾಲಿನಲ್ಲಿ. ಅಪ್ಪ ಈ ಸಲ ಬರೀ ಹೇಳುವುದಿಲ್ಲ, ಮಾಡಿ ತೋರಿಸುತ್ತೇನೆ ಎಂದು ಅಮ್ಮನನ್ನು ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಅವಳು ಹಸಿರು ಇಳಕಲ್ ಸೀರೆಯಲ್ಲಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ ಉಸಿರಾಡಿದಳು. ಕೈಗಳು ಏರಿ ಇಳಿಯುವುದನ್ನು ಸಭೆಯೆಲ್ಲ ನೋಡಿತು. ಮುಂದಿನ ಸಾಲಿನಲ್ಲಿ ಪದ್ಮಾ ಆಂಟಿ, ಬೆಂಗಳೂರಿನವರು, ಬಾಯಿ ಸ್ವಲ್ಪ ಜೋರು, “ಏನ್ ವತ್ಸಲಾ, ಈ ವಯಸ್ಸಲ್ಲಿ ಗುಡ್ ನ್ಯೂಸಾ?” ಎಂದುಬಿಟ್ಟರು. ಅಪ್ಪ ಮೈಕು ಹಿಡಿದೇ, “ಇಲ್ಲಾ ಕಣ್ರೀ, ಅದು ಆರಾಮದ ಹೊಟ್ಟೆ!” ಎಂದರು. ಸಭಾಂಗಣ ಬಿರಿಯುವ ಹಾಗೆ ನಗು. ಅಮ್ಮ ಕಣ್ಣು ಬಿಟ್ಟು, ಎಲ್ಲರನ್ನೂ ಒಮ್ಮೆ ನೋಡಿ, ತಾನೂ ನಕ್ಕಳು. ನಗದೆ ಇದ್ದರೆ ಆ ಹೊತ್ತಿನಲ್ಲಿ ಇನ್ನೇನು ಮಾಡಬಹುದಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಮೇಲೆ ಬಿಸಿಬೇಳೆ ಬಾತು ಬಡಿಸಿದರು.

ಕ್ರಿಸ್‌ಮಸ್ಸಿಗೆ ಮುಂಚೆ ಅವಳು ಕ್ಲಿನಿಕ್ಕಿನಲ್ಲಿ ಯಾರಿಗೋ ಅಪಾಯಿಂಟ್‌ಮೆಂಟ್ ಕೊಡುತ್ತ ಕೊಡುತ್ತಲೇ ಮೇಜಿನ ಮೇಲೆ ತಲೆಯಿಟ್ಟಳು. ಅಪ್ಪ ರೋಗಿಯ ಮನೆಗೆ ಹೋಗಿದ್ದರು. ಪಕ್ಕದ ರೂಮಿನಿಂದ ಆ ಇಂಗ್ಲಿಷ್ ಡಾಕ್ಟರಮ್ಮ ಬಂದು, ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟವರು ತೆಗೆಯಲಿಲ್ಲವಂತೆ. ಇನ್ನೊಂದು ಕೈಯಲ್ಲೇ ಆಂಬುಲೆನ್ಸಿಗೆ ಫೋನು ಮಾಡಿದರಂತೆ. ಅವರ ಬಾಗಿಲಿಗೂ ಅಮ್ಮನ ಕುರ್ಚಿಗೂ ನಡುವೆ ಒಂದು ತೆಳುಗೋಡೆ ಇತ್ತು, ಅಷ್ಟೇ. ಗಡ್ಡೆ ಅಂಡಾಶಯದಲ್ಲಿ ಹುಟ್ಟಿ ಹೊಟ್ಟೆಯೆಲ್ಲ ಹಬ್ಬಿತ್ತು. ಮೊದಲೇ ಬಂದಿದ್ದರೆ ಎಂದು ಆಸ್ಪತ್ರೆಯವರು ಅರ್ಧ ಮಾತಾಡಿ, ಅಪ್ಪನೂ ಡಾಕ್ಟರೆಂದು ಗೊತ್ತಾದ ಮೇಲೆ ಉಳಿದರ್ಧ ನುಂಗಿಕೊಂಡರು.

ವಾರ್ಡಿನಲ್ಲೂ ಒಬ್ಬ ಬಿಳಿಕೂದಲ ಹೆಂಗಸು, ಪುಣ್ಯಾತ್ಮೆ, ರೋಗಿಗಳ ಅಂಗೈಗೆ ಲ್ಯಾವೆಂಡರ್ ಎಣ್ಣೆ ತಿಕ್ಕಲು ಬರುತ್ತಿದ್ದಳು. ಅಮ್ಮ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡು ಬೇಡ ಎಂದಳು. ಆ ಹೆಂಗಸು ಒಂದು ಮಾತೂ ಮರುಕೇಳದೆ ಮುಂದಿನ ಹಾಸಿಗೆಗೆ ಹೋದಳು. ಅಮ್ಮನಿಗೆ ಅದು ಆಶ್ಚರ್ಯ. ಮಧ್ಯಾಹ್ನ ನನ್ನ ಕಿವಿಯಲ್ಲಿ, “ನೋಡಿದೇನು? ಬ್ಯಾಡ ಅಂದೆ, ಕೇಳಿದಳು” ಎಂದು ಎರಡು ಸಲ ಹೇಳಿದಳು. ಇನ್ನೊಂದು ದಿನ ಧಾರವಾಡದಿಂದ ಅವಳ ಅವ್ವನ ಫೋನು ಬಂತು. ಮುದುಕಿಗೆ ಯಾರೂ ಏನೂ ಹೇಳಿರಲಿಲ್ಲ. “ವಚ್ಛಲಾ, ಆರಾಮ ಇದ್ದೀಯಿಲ್ಲೋ?” ಎಂಬ ದೊಡ್ಡ ದನಿ ನನಗೂ ಕೇಳಿಸಿತು. ಅಮ್ಮ ದಿಂಬಿನಿಂದ ತಲೆಯೆತ್ತಿ, ಗಂಟಲು ಸರಿಮಾಡಿಕೊಂಡು, “ಆರಾಮ ಇದ್ದೀನವ್ವಾ” ಎಂದಳು. ಇಡೀ ಜಗತ್ತಿನಲ್ಲಿ ಆ ಶಬ್ದವನ್ನು ಅವಳು ಹೇಳಿದ ಅರ್ಥದಲ್ಲೇ ಕೇಳುವ ಒಬ್ಬಳಿದ್ದಳು. ಅವಳಿಗೇ ಅಮ್ಮ ಸುಳ್ಳು ಹೇಳಬೇಕಾಗಿ ಬಂತು. ಚಳಿ ಮುಗಿಯುವ ಮೊದಲೇ ಅಮ್ಮ ಹೋದಳು.

ಮುಂದಿನ ದೀಪಾವಳಿಗೆ ಭಾಷಣ ಇರಲಾರದು ಎಂದುಕೊಂಡಿದ್ದೆ. ಇತ್ತು. ಅದೇ ಶಾಲೆಯ ಹಾಲು, ಅದೇ ಹೂವಿನ ರಂಗೋಲಿ. ಅಪ್ಪ ಬಿಳಿ ಜುಬ್ಬದಲ್ಲಿ ಮೈಕಿನ ಮುಂದೆ ನಿಂತು, ಈ ಸಲ ಮಾವನ ಕತೆ ಹೇಳಲಿಲ್ಲ. “ನನ್ನ ವತ್ಸಲಾನ್ನ ತಗೊಂಡು ಹೋದದ್ದು ಸ್ಟ್ರೆಸ್ಸು” ಎಂದು ಶುರುಮಾಡಿದರು. ಎಲ್ಲರಿಗೂ ದುಡಿದಳು, ತನಗಾಗಿ ಒಂದು ಗಳಿಗೆ ಇಟ್ಟುಕೊಳ್ಳಲಿಲ್ಲ ಎಂದರು. “ಒಳಗೊಳಗೇ ನುಂಗಿದಳು. ಡಾಕ್ಟರ ಹೆಂಡ್ತಿಯಾಗಿ ಒಂದು ಮಾತು... ಒಂದೇ ಒಂದು ಮಾತು ನನಗೆ ಹೇಳ್ಲಿಲ್ಲ.” ಅವರ ದನಿ ನಡುಗಿತು, ಅದು ನಾಟಕವಾಗಿರಲಿಲ್ಲ. ಅವರು ಅದನ್ನು ನಂಬಿಬಿಟ್ಟಿದ್ದರು. ಹಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಪಕ್ಕದಲ್ಲಿದ್ದ ಪದ್ಮಾ ಆಂಟಿ ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡು, “ನಿಮ್ಮಮ್ಮ ಹೇಳ್ಕೋಬಾರ್ದಿತ್ತಾ ಪುಟ್ಟಾ?” ಎಂದು ಬಿಕ್ಕಿದರು. ಹೇಳಿದ್ದಳು ಎಂದು ಅನ್ನಲು ನನ್ನಲ್ಲಿ ಕನ್ನಡ ಇತ್ತು, ಇಂಗ್ಲಿಷೂ ಇತ್ತು. ಹನ್ನೆರಡು ವರ್ಷದ ನಾನು ಅವರ ಮಡಿಲಿನಿಂದ ಕೈ ಬಿಡಿಸಿಕೊಂಡೆ, ಅಷ್ಟೇ.

“ಬನ್ನಿ, ಅವಳಿಗೋಸ್ಕರ ಎಲ್ಲರೂ ಕಣ್ಣು ಮುಚ್ಚೋಣ” ಎಂದರು ಅಪ್ಪ. “ಉಸಿರು ಎಳ್ಕೊಳ್ಳಿ.” ಸಾಲು ಸಾಲಾಗಿ ಕಣ್ಣುಗಳು ಮುಚ್ಚಿಕೊಂಡವು, ಎದೆಗಳು ತುಂಬಿಕೊಂಡವು. ಆ ಹಾಲಿನಲ್ಲಿ ನನ್ನ ಕಣ್ಣು ತೆರೆದಿತ್ತು, ಮತ್ತು ವೇದಿಕೆಯ ಮೇಲೆ ಅಪ್ಪನದು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರ ಮುಖದ ಮೇಲೆ ಏನೋ ಸರಿದುಹೋಯಿತು. ಊಟದ ಮೇಜು ಅವರಿಗೂ ನೆನಪಾಯಿತೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಆಮೇಲೆ ಅವರು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿ, ತುಂಬ ಮೆತ್ತಗೆ ಹೇಳಿದರು.

“ಕಣ್ಣು ಮುಚ್ಕೋ, ಪುಟ್ಟಾ.”

ಸಭೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು.