ವರದಿಯಲ್ಲಿ ನಾನು ಬರೆಯದ ಹೆಸರು

2022ರ ಬೇಸಿಗೆ. ಕಲಬುರಗಿಯ ಪತ್ರಿಕೆಯೊಂದರ ಡೆಸ್ಕ್ ಬಿಟ್ಟು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸೇರಿ ಐದು ತಿಂಗಳಾಗಿತ್ತು. ಏನಾದರೂ ಕೆಟ್ಟಾಗ ಏನಾಯಿತು, ಯಾಕಾಯಿತು ಎಂದು ವರದಿ ಬರೆಯುವುದು ನನ್ನ ಕೆಲಸ.

ಕೋಡ್ ಬರೆಯುವವರು ನಾಲ್ಕನೇ ಮಹಡಿಯಲ್ಲಿ, ಅದನ್ನು ಸರ್ವರಿಗೆ ಹಾಕಿ ನಡೆಸುವವರು ಎರಡನೆಯದರಲ್ಲಿ. ಏನೇನು ಮಾಡಬೇಕೆಂದು ಮೇಲಿನವರು ಒಂದು ಫಾರಂ ತುಂಬಿ ಕೆಳಗೆ ಕಳಿಸಿದರೆ ಅವರ ಕೆಲಸ ಮುಗಿಯಿತು. ಆ ವರ್ಷ ಕೆಳಗಿನವರ ಬಾಗಿಲಿಗೆ ‘ಡೆವ್‌ಆಪ್ಸ್’ ಎಂಬ ಹೊಸ ಬೋರ್ಡ್ ಬಂತು. ಬರೆಯುವವರೂ ನಡೆಸುವವರೂ ಮೊದಲ ದಿನದಿಂದ ಜೊತೆಗೆ ಕೂರಬೇಕು, ಕೆಟ್ಟರೆ ಇಬ್ಬರೂ ಹೊಣೆ ಹೊರಬೇಕು ಎಂಬುದು ಆ ಮಾತಿನ ಅರ್ಥ. ನಮ್ಮಲ್ಲಿ ಯಾರ ಕುರ್ಚಿಯೂ ಕದಲಲಿಲ್ಲ.

“ಬೋರ್ಡ್ ಬದಲಿ ಆತ್ರಿ ಅಕ್ಕಾರ. ಬೈಗುಳ ಮಾತ್ರ ಹಳೇವ ಅದಾವ,” ಎಂದು ಎರಡನೇ ಮಹಡಿಯ ಬಸವರಾಜ ನಗುತ್ತಿದ್ದರು. ಬೀದರ ಕಡೆಯವರು, ಹೈದರಾಬಾದಿನದೇ ಮಲ್ಕಾಜ್‌ಗಿರಿ ಬಡಾವಣೆಯಿಂದ ಕೆಲಸಕ್ಕೆ ಬರುತ್ತಿದ್ದರು. ಅವರ ಹುದ್ದೆಯೂ ಈಗ ಡೆವ್‌ಆಪ್ಸ್ ಇಂಜಿನಿಯರ್.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರು ಕಂಪನಿಯ ಗ್ರಾಹಕರಾದ ರಕ್ತಪರೀಕ್ಷೆ ಲ್ಯಾಬುಗಳ ವೆಬ್‌ಸೈಟಿಗೆ ಹೊಸ ಆವೃತ್ತಿ ಹಾಕಿದರು. ಯಾವ ರೋಗಿಯ ವರದಿಯೂ ತೆರೆಯಲಿಲ್ಲ. ಕೌಂಟರುಗಳಲ್ಲಿ ಜನ ಎರಡು ಗಂಟೆ ಕಾದರು. ಕೊನೆಗೆ ಬಸವರಾಜರೇ ಹಳೆಯ ಆವೃತ್ತಿಯನ್ನು ಮರಳಿ ತಂದರು.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದರು. “ಬಸವರಾಜನ ನಿರ್ಲಕ್ಷ್ಯ ಅಂತ ಒಂದು ಸಾಲು ಬರೀರಿ ಮೇಡಂ. ನಾಳೆ ಅವನನ್ನು ಕೆಲಸದಿಂದ ಕಳಿಸ್ತೀವಿ. ಡೆವ್‌ಆಪ್ಸ್ ಅವನೇ ಕದಾ, ಅಲ್ವಾ?”

ನಾನು ಅಷ್ಟರಲ್ಲಿ ಎರಡೂ ಮಹಡಿಗಳಲ್ಲಿ ವಿಚಾರಿಸಿದ್ದೆ. ಹೊಸ ಆವೃತ್ತಿಗೂ ಮೊದಲು ಡೇಟಾಬೇಸಿನಲ್ಲಿ ಒಂದು ಬದಲಾವಣೆ ಮಾಡಬೇಕಿತ್ತು, ಅದಿಲ್ಲದೆ ವರದಿಗಳು ತೆರೆಯುತ್ತಿರಲಿಲ್ಲ. ಶುಕ್ರವಾರ ಮೇಲಿನವರು ಅದನ್ನು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಫಾರಂನಲ್ಲಿ ಬರೆದಿರಲಿಲ್ಲ, ಕೆಳಗೆ ಹೇಳಿರಲೂ ಇಲ್ಲ.

“ಸೋಮವಾರ ಹತ್ತಕ್ಕೆ ಅವರು ಮಾಡಿದ್ದನ್ನು ಬರೀತೀನಿ ಸರ್. ಶುಕ್ರವಾರ ಮೇಲೆ ಯಾರೂ ಹೇಳದೆ ಬಿಟ್ಟಿದ್ದನ್ನೂ ಬರೀತೀನಿ.”

“ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ.”

“ಗೊತ್ತು ಸರ್.”

ನಡೆದದ್ದನ್ನು ಗಂಟೆವಾರು ಬರೆದೆ. ಕಾರಣ ಎಂಬ ಕಡೆ ಯಾರ ಹೆಸರನ್ನೂ ಹಾಕಲಿಲ್ಲ. ‘ಎರಡು ತಂಡಗಳು ಪರಸ್ಪರ ಮಾತಾಡುವ ರೂಢಿ ಇಲ್ಲ. ಬೋರ್ಡ್ ಮಾತ್ರ ಬದಲಾಗಿದೆ’ ಎಂದು ಬರೆದು, ಎರಡೂ ಮಹಡಿಯ ಎಲ್ಲರಿಗೂ ಕಳಿಸಿದೆ.

ಅದನ್ನು ಓದಿದ ಮೇಲೆ ಬಸವರಾಜರನ್ನು ಕಳಿಸುವುದು ಯಾರಿಗೂ ಸುಲಭವಾಗಲಿಲ್ಲ. ಅವರು ಉಳಿದರು. ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು.

ಮುಂದಿನ ಆವೃತ್ತಿ ಹಾಕುವ ದಿನ, ಅದರ ಕೋಡ್ ಬರೆದ ಶ್ರೀನಿವಾಸ್ ನಾಲ್ಕನೇ ಮಹಡಿಯಿಂದ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದರು. ಬಸವರಾಜ ಕುರ್ಚಿ ಎಳೆದುಕೊಟ್ಟು, “ಬರ್ರಿ ಸಾಹೇಬ್ರ. ಲಿಫ್ಟ್ ಕೆಳಗೂ ಬರ್ತದ ಅಂತ ಇವತ್ತ ಗೊತ್ತಾತೇನ್ರಿ?” ಎಂದರು.

ಎಲ್ಲರೂ ಹಾಗೆ ಬರಲಿಲ್ಲ. ಈಗಲೂ ಕೆಲವರು ಬರುವುದಿಲ್ಲ. ವರದಿಯಲ್ಲಿ ಬೋರ್ಡಿನ ಆ ಸಾಲು ತೆಗೆಯಿರಿ ಎಂದು ಮ್ಯಾನೇಜರ್ ಆಮೇಲೆ ಎರಡು ಸಲ ಹೇಳಿಕಳಿಸಿದರು. ಅದರಲ್ಲಿ ತಪ್ಪೇನಿದೆ, ತೋರಿಸಿದರೆ ತಿದ್ದುತ್ತೇನೆ ಎಂದು ಉತ್ತರ ಬರೆದೆ. ಇದುವರೆಗೆ ಯಾರೂ ತೋರಿಸಿಲ್ಲ.