ಐದನೆಯ ಕಂಟೇನರ್

ತಿರುಪ್ಪೂರಿನ ಸರಕು ಸಾಗಣೆ ಏಜೆಂಟರ ಸಂಘಕ್ಕೆ ಲಿಂಗಪ್ಪನ್ ಹದಿನೆಂಟು ವರ್ಷಗಳಿಂದ ಕಾರ್ಯದರ್ಶಿ. ಬಂದರಿನಲ್ಲಿ ಯಾವುದಾದರೂ ಶುಲ್ಕ ಏರಿತೆಂದರೆ ಸಾಕು, ಈ ಮನುಷ್ಯ ಅರ್ಜಿ ಹಿಡಿದು ತೂತುಕುಡಿಗೆ ಹೊರಟೇಬಿಡುತ್ತಿದ್ದರು. ಮಾತು ಸ್ವಲ್ಪ ಜಾಸ್ತಿ, ಎಲ್ಲರ ಕೆಲಸದಲ್ಲೂ ಮೂಗು ತೂರಿಸುವ ಚಟ ಬೇರೆ. ಆದರೆ ಅವರು ಬರೆದದ್ದರಲ್ಲಿ ಸುಳ್ಳಿರುವುದಿಲ್ಲ ಎಂದು ಹಡಗು ಕಂಪನಿಯವರೂ ಒಪ್ಪುತ್ತಿದ್ದರು. ಅವಿನಾಶಿ ಊರಿನ ಹೆಂಚಿನ ಮನೆ ಬಿಟ್ಟರೆ ಅವರ ಆಸ್ತಿ ಆ ಹೆಸರೊಂದೇ.

ಈ ಸಲದ ಅರ್ಜಿ ಸಂಘದವರು ಕಳಿಸಿದ್ದ ಐದು ಕಂಟೇನರುಗಳ ಪರವಾಗಿತ್ತು. ಹಡಗು ಕಂಪನಿಯೊಂದರ ಕಂಪ್ಯೂಟರುಗಳಿಗೆ ಯಾರೋ ಕಳ್ಳರು ನುಗ್ಗಿ, ವಾರವಿಡೀ ಒಂದು ಕಾಗದವೂ ಮುಂದೆ ಹೋಗಿರಲಿಲ್ಲ. ಆಸ್ಟ್ರೇಲಿಯಾ ತಲುಪಿದ ಐದು ಕಂಟೇನರುಗಳು ಅಲ್ಲಿನ ಬಂದರಿನಲ್ಲೇ ಕೂತವು, ದಿನದ ಬಾಡಿಗೆ ಮಾತ್ರ ಏರುತ್ತಾ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬಾಡಿಗೆ ಮನ್ನಾ ಮಾಡಿ ಎಂದು ಲಿಂಗಪ್ಪನ್ ಬರೆದರು. 'ಐದರಲ್ಲೂ ನಮ್ಮವರ ತಪ್ಪು ಏನೂ ಇಲ್ಲ' ಎಂಬ ಸಾಲನ್ನೂ ಸೇರಿಸಿದರು.

ಕಂಪನಿಯ ಅಧಿಕಾರಿ ಸಂಘಕ್ಕೆ ಬರುವ ದಿನ ಬೆಳಿಗ್ಗೆ, ಆಫೀಸಿನ ಮೇಲ್ ನೋಡುತ್ತಿದ್ದ ತಂಗಿಯ ಮಗಳು ವಿನೋದಿನಿ ಲಿಂಗಪ್ಪನ್ ಅವರನ್ನು ಕರೆದಳು. ಆಸ್ಟ್ರೇಲಿಯಾದ ಏಜೆಂಟ್ ಐದನೆಯ ಕಂಟೇನರಿನ ಫೋಟೋ ಕಳಿಸಿದ್ದ. ಬಾಗಿಲ ಒಳಗಡೆ ಅರಿಶಿನದ ದಾರ, ಒಣಗಿದ ಬೇವಿನ ಗೊಂಚಲು, ನೆಲದ ಮೇಲೆ ಅಕ್ಷತೆ ಕಾಳು. ಸೊಪ್ಪು, ಧಾನ್ಯದ ಜೊತೆ ಹುಳು ಬರುತ್ತದೆಂದು ಆ ದೇಶದವರು ಕಂಟೇನರನ್ನೇ ತಡೆದಿದ್ದರು. ಕಂಪ್ಯೂಟರ್ ಕಳ್ಳರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಬೇವು ಕಟ್ಟಿದ್ದು ಸ್ವತಃ ಲಿಂಗಪ್ಪನ್; ಆ ಲೋಡು ಕಳಿಸಿದ ಏಜೆಂಟರೂ ಅವರೇ. ಹೊಸ ಗಿರಾಕಿಯ ಮೊದಲ ಲೋಡಿಗೆ ಬೇವು ಕಟ್ಟದೆ ಬಾಗಿಲು ಮುಚ್ಚಲು ಅವರು ಬಿಡುತ್ತಿರಲಿಲ್ಲ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ ಅವರಪ್ಪ ಮಾಡುತ್ತಿದ್ದದ್ದೂ ಅದನ್ನೇ. ಇಷ್ಟು ವರ್ಷ ಯಾವ ದೇಶದವರೂ ಕೇಳಿರಲಿಲ್ಲ.

"ಮಾಮಾ, ಇದು ನಮ್ಗ್ ಮಾತ್ರ ತಾನೆ ಬಂದಿರೋದು," ಎಂದಳು ವಿನೋದಿನಿ ಮೆಲ್ಲಗೆ, ತಮಿಳು ಬೆರೆತ ಮನೆಯ ಕನ್ನಡದಲ್ಲಿ. "ಸುಮ್ನಿದ್ರೆ ಯಾರ್ಗ್ ತೆಳೀತದೆ?"

ಲಿಂಗಪ್ಪನ್‌ಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಹೇಳಿಬಿಟ್ಟರೆ ಹದಿನೆಂಟು ವರ್ಷದ ಹೆಸರು ಹೋಗುತ್ತದೆ. ಐದನೆಯ ಕಂಟೇನರಿನ ಗಿರಾಕಿ ಸತೀಶ್ ಕುಮಾರ್ ಹೊಸದಾಗಿ ಬನಿಯನ್ ಕಂಪನಿ ತೆರೆದ ನೆಂಟರ ಹುಡುಗ, ಬಾಡಿಗೆಯೂ ಅವನ ತಲೆಯ ಮೇಲೆ. ಎರಡು ಲೋಟ ನೀರು ಕುಡಿದರು.

"ತೆಳೀದೆ ಇದ್ರೆ ತಪ್ಪು ಇಲ್ಲ ಅಂತಾಯ್ತದಾ, ಅಮ್ಮಣಿ?" ಎಂದು ಎದ್ದರು.

ಸಭೆಯಲ್ಲಿ ನಲವತ್ತು ಜನ. ಲಿಂಗಪ್ಪನ್ ತಮಿಳಿನಲ್ಲಿ ನಾಲ್ಕು ಕಂಟೇನರುಗಳ ವಿಷಯ ಜೋರಾಗಿ ವಾದಿಸಿದರು. ಆಮೇಲೆ ಫೋಟೋವನ್ನು ಅಧಿಕಾರಿಯ ಮುಂದಿಟ್ಟು, "ಐದನೆಯದು ನನ್ನ ತಪ್ಪು. ಬೇವು ಕಟ್ಟಿದವನು ನಾನು. ಆ ಸಾಲು ಹೊಡೆದುಹಾಕಿ, ಅದರ ಬಾಡಿಗೆ ನಾನು ಕೊಡುತ್ತೇನೆ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧಿಕಾರಿ ಫೋಟೋವನ್ನು ನೋಡಿ, ಪೆನ್ನು ತೆಗೆದು ಸಾಲು ಹೊಡೆದುಹಾಕಿದ. ಉಳಿದ ನಾಲ್ಕನ್ನು ಕಂಪನಿ ಪರಿಶೀಲಿಸುತ್ತದೆ ಎಂದ.

ಲಿಂಗಪ್ಪನ್ ತಲೆ ಎತ್ತದೆ ಕೂತರು. ಆಗ ಸತೀಶ್ ಕುಮಾರ್ ಎದ್ದು ಬಂದ. ಬೈಯಲಿಕ್ಕೇ ಬಂದನೆಂದುಕೊಂಡು ಅವರು ಕೈ ಜೋಡಿಸಿದರು. ಹುಡುಗ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಅಣ್ಣಾ, ಅವತ್ತು ಬಾಗ್ಲು ಮುಂದೆ ಕರ್ಪೂರ ಹಚ್ಚಿದ್ದು ಯಾರು? ನಾನ್ ತಾನೆ?" ಎಂದ ಮನೆಯ ಕನ್ನಡದಲ್ಲಿ. "ಸಾಮಿ ಕಾಪಾಡ್ಬೇಕು ಅಂತ ಇಬ್ರೂ ತಾನೆ ಕೇಳ್ಕೊಂಡಿದ್ದು? ಬಾಡ್ಗೇನೂ ಇಬ್ರೂ ಕೊಡಣ."

ಲಿಂಗಪ್ಪನ್ ಕೂತಲ್ಲೇ ಪಕ್ಕಕ್ಕೆ ಸರಿದು ಹುಡುಗನಿಗೆ ಜಾಗ ಮಾಡಿಕೊಟ್ಟರು.