ಖಾಲಿಯಾಗದ ಡಬ್ಬ

ಮಿಲ್ಲಿನಿಂದ ಬಂದ ರಾಗಿಹಿಟ್ಟು ಇನ್ನೂ ಬೆಚ್ಚಗಿರುತ್ತದಲ್ಲ, ಆ ವಾಸನೆಗೆ ನನ್ನ ಅನುಮಾನಗಳೆಲ್ಲ ಎದ್ದು ಕೂರುತ್ತವೆ. ಇವತ್ತು ಬೆಳಿಗ್ಗೆ ಡಬ್ಬಕ್ಕೆ ಹಿಟ್ಟು ತುಂಬಿ, ಮೇಲೆ ಸಮ ಮಾಡಿ, ಅಂಗೈ ಒತ್ತಿದೆ. ಸೊಸೆ ನೋಡಿಬಿಟ್ಟಳು. "ಯಾರ್ ಮ್ಯಾಲೆ ಅನುಮಾನ ಅತ್ತೆ?" ಅಂದಳು. ಅಡುಗೆಮನೆಗೆ ಕಾಲಿಡುವವರು ನಾವಿಬ್ಬರೇ. ನಾನು ಮುಚ್ಚಳ ಹಾಕಿದೆ.

ಇದು ಯಳಂದೂರಿನ ನನ್ನ ಅವ್ವ ಕಲಿಸಿದ ವಿದ್ಯೆ. ಹಿಟ್ಟಿನ ಮೇಲೆ ಐದು ಬೆರಳು ಮೂಡಿಸಿ ಮುಚ್ಚಳ ಹಾಕಿದರೆ ಯಾರು ಕೈಯಿಟ್ಟರೂ ಗುರುತು ಕೆಡುತ್ತದೆ. ಬೇರೆಯವರು ತವರಿನಿಂದ ಚಿನ್ನ ತಂದರು, ನಾನು ಅನುಮಾನ ತಂದೆ. ಹಾಲಿನವಳ ಅಳತೆ, ತರಕಾರಿಯವನ ತಕ್ಕಡಿ, ಕಾರಣವಿಲ್ಲದೆ ಬರುವ ನಮ್ಮವರ ನಗು, ಯಾವುದನ್ನೂ ನಾನು ಸುಮ್ಮನೆ ನಂಬಿದವಳಲ್ಲ.

ಮಕ್ಕಳು ಚಿಕ್ಕವರಿದ್ದಾಗ ನಾವು ಕೊಳ್ಳೇಗಾಲದಲ್ಲಿ ಬಾಡಿಗೆಗಿದ್ದೆವು. ನಮ್ಮವರು ರೇಷ್ಮೆ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಮಗ್ಗದಿಂದ ಸೀರೆ ಇಳಿದರೆ ಕಾಸು ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆ ರಜ ಬಂತೆಂದರೆ ಕೌದಳ್ಳಿಯಿಂದ ನಾದಿನಿಯ ಮಕ್ಕಳೂ ಬಂದು ಸೇರುತ್ತಿದ್ದವು. ರಜ ಸ್ಕೂಲಿಗೆ, ಹೊಟ್ಟೆಗಲ್ಲ. ಕೊನೆಯ ವಾರದ ಹೊತ್ತಿಗೆ ನನ್ನ ಮಕ್ಕಳ ಪುಸ್ತಕ, ಬಟ್ಟೆಯ ಖರ್ಚು ಒಂದು ಕಡೆ ನಿಂತರೆ, ಡಬ್ಬ ಇನ್ನೊಂದು ಕಡೆ ತಳ ತೋರಿಸುತ್ತಿತ್ತು. ಸಾರು ಎಷ್ಟು ನೀರಾದರೂ ನಡೆಯುತ್ತಿತ್ತು, ಮುದ್ದೆ ಚಿಕ್ಕದಾಗುವಂತಿರಲಿಲ್ಲ. ಚಿಕ್ಕದಾದರೆ ಆ ಸುದ್ದಿ ಕೌದಳ್ಳಿಗೆ ಹೋಗುತ್ತದೆ ಎಂಬ ಭಯ ನನಗೆ.

ಒಂದು ವರ್ಷ ನಾದಿನಿ ಮಕ್ಕಳ ಜೊತೆ ರಾಗಿಚೀಲವನ್ನೂ ಬಸ್ಸಿನಿಂದ ಇಳಿಸಿದಳು. "ಇಟ್ಕೊ ಅತ್ಗೆ, ಉಣ್ಣೋ ಬಾಯಿ ಜಾಸ್ತಿ" ಅಂದಳು.

"ನಮ್ಮನೇಲಿ ಮುದ್ದೆಗೆ ಗತಿಯಿಲ್ಲ ಅನ್ಕಂಡಿದ್ದೀಯಾ?" ಎಂದು ಚೀಲವನ್ನು ಅದೇ ಬಸ್ಸಿಗೆ ಹತ್ತಿಸಿ ವಾಪಸ್ಸು ಕಳಿಸಿದೆ. ಅವಳ ಮುಖ ಸಣ್ಣಗಾಯಿತು.

ಮರುವರ್ಷ ರಜದ ಕೊನೆಗೆ ಒಂದು ವಿಚಿತ್ರ ನಡೆಯಿತು. ನಾನು ದಿನಾ ಹಿಟ್ಟು ತೆಗೆಯುತ್ತಿದ್ದೇನೆ, ಡಬ್ಬ ಮಾತ್ರ ಖಾಲಿಯಾಗಲೊಲ್ಲದು. ನೀವಾಗಿದ್ದರೆ ದೇವರಿಗೆ ಕೈಮುಗಿಯುತ್ತಿದ್ದಿರೇನೋ. ನನಗೆ ಮೈ ಉರಿಯಿತು. ಹಿಟ್ಟು ಕಡಿಮೆಯಾದರೆ ಕಳ್ಳನನ್ನು ಹುಡುಕಬಹುದು, ಹೆಚ್ಚಾದರೆ ಯಾರ ಜುಟ್ಟು ಹಿಡಿಯುವುದು? ಯಾರೋ ನನ್ನ ಮನೆಗೆ ಭಿಕ್ಷೆ ಹಾಕುತ್ತಿದ್ದಾರೆ ಅನ್ನಿಸಿತು. ಮೊದಲು ನಮ್ಮವರನ್ನೇ ಹಿಡಿದುಕೊಂಡೆ.

"ಅಂಗ್ಡೀಲಿ ಸಾಲ ಮಾಡಿ ತಂದು ಸುರೀತಿದ್ದೀರಾ?"

"ಇಟ್ಟು ಇಲ್ದಿದ್ರೂ ಬಯ್ತೀಯ, ಇದ್ರೂ ಬಯ್ತೀಯ. ನಾನೇನ್ಲೇ ಮಾಡ್ಲಿ?" ಎಂದು ಅವರು ಮಗ್ಗಕ್ಕೆ ಹೊರಟುಹೋದರು.

ಅಂದು ಉಣ್ಣುವಾಗ ಮುದ್ದೆ ನಾಲಿಗೆಗೆ ತರಿತರಿಯಾಗಿ ಸಿಕ್ಕಿತು. ಮಿಲ್ಲಿನ ಹಿಟ್ಟು ಹಾಗಿರುವುದಿಲ್ಲ, ಇದು ಬೀಸುವ ಕಲ್ಲಿನದು. ಎದ್ದು ಹೋಗಿ ಮುಚ್ಚಳ ತೆಗೆದೆ. ಬೆಳಿಗ್ಗೆ ನಾನು ಒತ್ತಿದ ಅಂಗೈ ಅಷ್ಟರಲ್ಲಿ ಚಿಕ್ಕದಾಗಿಬಿಟ್ಟಿತ್ತು.

ಮರುದಿನ ಊಟವಾದ ಮೇಲೆ ಗೋಡೆ ಕಡೆ ತಿರುಗಿ ನಿದ್ದೆಯ ನಟನೆ ಮಾಡಿದೆ. ನಾದಿನಿಯ ದೊಡ್ಡ ಮಗಳು ಮಾದೇವಿ ತನ್ನ ಬಟ್ಟೆಯ ಬ್ಯಾಗಿನ ಅಡಿಯಿಂದ ಒಂದು ಗಂಟು ತೆಗೆದಳು. ಬೆಕ್ಕಿನ ಹಾಗೆ ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಹುಡುಗಿ ಗಂಟಿನ ಹಿಟ್ಟನ್ನು ಡಬ್ಬಕ್ಕೆ ಸುರಿದು, ಸಮ ಮಾಡಿ, ನನ್ನ ಕೈಯಷ್ಟು ಕಾಣಲೆಂದು ಬೆರಳುಗಳನ್ನು ನೋಯುವಷ್ಟು ಚಾಚಿ ಒತ್ತುತ್ತಿದ್ದಳು. ತಿರುಗಿ ನನ್ನನ್ನು ಕಂಡವಳೇ ಅಳತೊಡಗಿದಳು.

"ಅವ್ವ ಏಳವ್ಳೆ ಅತ್ತೆ, ನಿಮ್ಗೆ ಗೊತ್ತಾಗ್ದಂಗೆ ಆಕ್ಬೇಕು ಅಂತ. ಕೊಟ್ಟಿದ್ ರಾಗಿ ಬ್ಯಾಡ ಅಂದೋರ ಮನೇಲಿ ಸುಮ್ಕೆ ಉಣ್ಬಾರ್ದಂತೆ. ನಿಮ್ಗೆ ಗೊತ್ತಾಗೋದ್ರೆ ಇನ್ನು ರಜಕ್ಕೆ ಕಳ್ಸಕಿಲ್ಲ ಅಂದವ್ಳೆ."

ನಾದಿನಿಯ ಮೇಲೆ ಸಿಟ್ಟು ನೆತ್ತಿಗೇರಿತು. ಉಳಿದ ಹಿಟ್ಟನ್ನು ಅವಳ ಮುಂದೆ ಸುರಿಯಬೇಕು ಅನ್ನಿಸಿದ್ದೂ ನಿಜ. ಆದರೆ ಆಮೇಲೆ ಈ ಹುಡುಗಿ ನನ್ನ ಹೊಸ್ತಿಲು ತುಳಿಯುವುದಿಲ್ಲ. ನನ್ನ ಮಗಳು ವರ್ಷವಿಡೀ ಅವಳ ದಾರಿ ಕಾಯುತ್ತಾಳೆ. ನಿಜ ಹೇಳಬೇಕೆಂದರೆ ನಾನೂ ಕಾಯುತ್ತಿದ್ದೆ.

"ನಾನು ಮಲ್ಗಿವ್ನಿ, ಏನೂ ನೋಡ್ಲಿಲ್ಲ" ಅಂದೆ. "ಬೆರಳು ಇನ್ನೂ ವಸಿ ಅಗಲ ಮಾಡಿ ಒತ್ತು ಮಗಾ. ನಿಮ್ಮತ್ತೆ ಅನುಮಾನದೋಳು."

ಮಕ್ಕಳನ್ನು ಕರೆದೊಯ್ಯಲು ಬಂದ ನಾದಿನಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖದಲ್ಲಿ ಏನನ್ನೋ ಹುಡುಕಿದಳು. "ಇಟ್ಟೆಲ್ಲ ಖಾಲಿ ಮಾಡ್ಬುಟ್ವಾ ಅತ್ಗೆ?"

"ಎಲ್ಲಿ ಖಾಲಿ? ಅಂಗೇ ಅದೆ. ನಿನ್ ಮಕ್ಳು ಸರ್ಯಾಗಿ ಉಣ್ಣದೇ ಇಲ್ವಲ್ಲ. ಮುಂದಿನ ರಜಕ್ಕೆ ಇನ್ನೂ ಬೇಗ್ನೆ ಕಳ್ಸು."

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಮಾದೇವಿ ನಮ್ಮಿಬ್ಬರನ್ನೂ ನೋಡಿದಳು. ಕೌದಳ್ಳಿಯ ಬಸ್ಸು ಬಂತು, ಹತ್ತಿದರು. ಹೈಸ್ಕೂಲು ಮುಗಿಯುವವರೆಗೂ ಆ ಮಕ್ಕಳು ಪ್ರತಿ ರಜಕ್ಕೂ ಬಂದರು. ನಾದಿನಿ ಈಗಿಲ್ಲ. ಅವಳು ಇರುವ ತನಕ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂದು ಸಲವಾದರೂ ಅವಳ ಕೈಯಿಂದ ನೇರವಾಗಿ ಈಸಿಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಇಷ್ಟನ್ನೂ ಸೊಸೆಗೆ ಹೇಳಿದೆ. ನಾಳೆ ಅವಳ ಅವ್ವ ಹನೂರಿನಿಂದ ಬರುತ್ತಾಳೆ.

"ನಿಮ್ಮವ್ವ ಏನಾರ ತಂದ್ರೆ ಕದ್ದು ಮುಚ್ಚಿ ಇಡದು ಬ್ಯಾಡ. ನನ್ ಕೈಗೇ ಕೊಡಕ್ಕೇಳು, ಈಸ್ಕತೀನಿ" ಅಂದೆ.

ಸೊಸೆ ಡಬ್ಬದ ಮುಚ್ಚಳ ತೆಗೆದು ನನ್ನ ಅಂಗೈ ಗುರುತನ್ನು ನೋಡಿದಳು, ಆಮೇಲೆ ನನ್ನನ್ನು. ನಂಬಿದ ಹಾಗೆ ಕಾಣಲಿಲ್ಲ.